ಲಿಥಿಯಂ ಮಾತ್ರೆ ಶುರುವಾಗಿದೆಯೇ? ಮನೆಯಲ್ಲಿ ಪಾಲಿಸಬೇಕಾದ ಕ್ರಮ

ಬೈಪೋಲಾರ್ ಕಾಯಿಲೆಗೆ ಮನೋವೈದ್ಯರು ಲಿಥಿಯಂ ಬರೆದರೆ ಮಾತ್ರೆಯ ಚೀಟಿಯ ಜತೆಗೆ ರಕ್ತಪರೀಕ್ಷೆಯ ಚೀಟಿಯೂ ಕೈಗೆ ಬರುತ್ತದೆ. ಮನೆಯವರ ಗಾಬರಿ ಅಲ್ಲಿಂದಲೇ ಆರಂಭ. ಮನಸ್ಸಿನ ಕಾಯಿಲೆಗೆ ಕಿಡ್ನಿ ಪರೀಕ್ಷೆ ಯಾಕೆ, ಥೈರಾಯ್ಡ್ ಪರೀಕ್ಷೆ ಯಾಕೆ ಎಂಬ ಅನುಮಾನ. ‘ಅಷ್ಟು ಸ್ಟ್ರಾಂಗ್ ಮಾತ್ರೆ ಬೇಡ, ನಿಲ್ಲಿಸಿಬಿಡಿ’ ಎಂದು ಬುದ್ಧಿ ಹೇಳುವ ನೆಂಟರಿಗೂ ಕೊರತೆ ಇರುವುದಿಲ್ಲ.

ಈ ಮಾತ್ರೆಗೆ ಹೆದರಬೇಕಾಗಿಲ್ಲ. ಆದರೆ ಇದನ್ನು ನುಂಗಿ ಮರೆತುಬಿಡುವಂತೆಯೂ ಇಲ್ಲ. ಡೋಸ್ ಎಷ್ಟೆಂದು ವೈದ್ಯರು ಬರೆಯುತ್ತಾರೆ, ಸರಿ. ಅದು ರಕ್ತದಲ್ಲಿ ಎಷ್ಟು ಉಳಿಯುತ್ತದೆ ಎಂಬುದು ಮಾತ್ರ ನಮ್ಮ ಅಡುಗೆಮನೆ ಮತ್ತು ಬೀದಿಕೊನೆಯ ಔಷಧದಂಗಡಿಯನ್ನೂ ಅವಲಂಬಿಸಿರುತ್ತದೆ.

ಲಿಥಿಯಂ ಪ್ರಕೃತಿಯಲ್ಲೇ ಸಿಗುವ ಒಂದು ಧಾತು. ಮಾತ್ರೆಯಲ್ಲಿರುವುದು ಅದರ ಕಾರ್ಬೊನೇಟ್ ಲವಣ. ಉನ್ಮಾದದ ಸ್ಥಿತಿಯನ್ನು ಅದು ಶಮನಗೊಳಿಸುತ್ತದೆ ಎಂದು ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್ 1949ರಲ್ಲಿ ವರದಿ ಮಾಡಿದರು. ಬೈಪೋಲಾರ್ ಇರುವವರಿಗೆ ಕೆಲವು ದಿನ ಅಥವಾ ವಾರ ನಿದ್ದೆಯೇ ಬೇಡವೆನ್ನುವಷ್ಟು ಹುರುಪು, ನಿಲ್ಲದ ಮಾತು, ಸಾಲ ಮಾಡಿಯಾದರೂ ಖರ್ಚು, ತಡೆದರೆ ಸಿಟ್ಟು; ಇದೇ ಉನ್ಮಾದ. ಇನ್ನೊಮ್ಮೆ ಹಾಸಿಗೆ ಬಿಟ್ಟು ಏಳಲಾರದಂಥ ಖಿನ್ನತೆ. ಇವೆರಡೂ ಮರುಕಳಿಸುವುದನ್ನು ಲಿಥಿಯಂ ತಗ್ಗಿಸುತ್ತದೆ. ಆತ್ಮಹತ್ಯೆಯ ಅಪಾಯವನ್ನು ಕಡಿಮೆ ಮಾಡುವ ಕೆಲವೇ ಮನೋರೋಗದ ಔಷಧಗಳಲ್ಲಿ ಇದೂ ಒಂದು. ಇಷ್ಟು ಹಳೆಯ, ಅಗ್ಗದ ಮಾತ್ರೆ ಇಂದಿಗೂ ಚಾಲ್ತಿಯಲ್ಲಿರುವುದು ಸುಮ್ಮನೆ ಅಲ್ಲ.

ಮೊದಲ ಹೆಜ್ಜೆ: ಆರಂಭಕ್ಕೆ ಮುನ್ನ

ಕಿಡ್ನಿಯ ಕೆಲಸ ತಿಳಿಯಲು ಕ್ರಿಯಾಟಿನಿನ್, ಥೈರಾಯ್ಡ್‌ಗೆ ಟಿಎಸ್‌ಎಚ್, ಜತೆಗೆ ಕ್ಯಾಲ್ಸಿಯಂ ಪರೀಕ್ಷೆ ಮಾಡಿಸಿ. ವಯಸ್ಸಾದವರಿಗೂ ಹೃದ್ರೋಗಿಗಳಿಗೂ ಇಸಿಜಿ ಬೇಕಾಗುತ್ತದೆ. ತೂಕವನ್ನೂ ಬರೆದಿಡಿ. ಈಗಾಗಲೇ ನುಂಗುತ್ತಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರಿಗೆ ತೋರಿಸಿ. ‘ಬಿ.ಪಿ.ಗೆ ಒಂದು ಬಿಳಿ ಮಾತ್ರೆ’ ಎಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ಮಗು ಬೇಕೆಂದಿರುವ ಮಹಿಳೆಯರು ಅದನ್ನು ಈಗಲೇ ಹೇಳಬೇಕು. ಲಿಥಿಯಂ ಸೇವಿಸುತ್ತಿರುವಾಗ ಗರ್ಭ ನಿಂತರೆ ಹೆದರಿ ತಾವಾಗಿಯೇ ಮಾತ್ರೆ ಬಿಡಬಾರದು, ತಕ್ಷಣ ವೈದ್ಯರನ್ನು ಕಾಣಬೇಕು.

ಎರಡನೆಯದು: ನುಂಗುವ ಕ್ರಮ

ದಿನವೂ ಒಂದೇ ಹೊತ್ತಿಗೆ ಕೊಡಿ. ಹೊಟ್ಟೆ ತೊಳಸಿದಂತಾದರೆ ಊಟದ ನಂತರ ಕೊಡಬಹುದು. ಹೆಸರಿನ ಮುಂದೆ ‘ಎಸ್‌ಆರ್’ ಎಂದಿದ್ದರೆ ಅದು ನಿಧಾನವಾಗಿ ಕರಗುವ ಬಗೆ. ಅದನ್ನು ಪುಡಿ ಮಾಡಬಾರದು, ಅಗಿಯಬಾರದು. ಸಾಮಾನ್ಯ ಮಾತ್ರೆಗೆ ಬದಲಾಗಿ ಎಸ್‌ಆರ್ ಅಥವಾ ಎಸ್‌ಆರ್‌ಗೆ ಬದಲಾಗಿ ಸಾಮಾನ್ಯ ಮಾತ್ರೆಯನ್ನು ಅಂಗಡಿಯವರು ಕೊಟ್ಟರೆ ಒಪ್ಪಬೇಡಿ. ಒಂದು ಡೋಸ್ ತಪ್ಪಿತೆಂದು ಮುಂದಿನ ಸಲ ಎರಡು ಕೊಡುವುದು ಅಪಾಯ. ಗುಣ ಕಾಣಲು ಒಂದರಿಂದ ಮೂರು ವಾರ ಬೇಕಾಗುವುದರಿಂದ ಆರಂಭದಲ್ಲಿ ಬೇರೆ ಮಾತ್ರೆಯನ್ನೂ ಜತೆಗೆ ಕೊಡುವುದು ವಾಡಿಕೆ.

ಮೂರನೆಯದು: ರಕ್ತದಲ್ಲಿ ಲಿಥಿಯಂ ಎಷ್ಟಿದೆ?

ಇಲ್ಲಿ ಸ್ವಲ್ಪ ನಿಧಾನಿಸೋಣ. ಲಿಥಿಯಂನಲ್ಲಿ ಫಲ ಕೊಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ನಡುವಿನ ಅಂತರ ಬಹಳ ಕಿರಿದು. ದೀರ್ಘಕಾಲ ಸೇವಿಸುವವರಿಗೆ ಸಾಮಾನ್ಯವಾಗಿ ಲೀಟರ್ ರಕ್ತದ್ರವಕ್ಕೆ 0.6ರಿಂದ 1.0 ಮಿಲಿಮೋಲ್ ಇರುವಂತೆ ನೋಡಿಕೊಳ್ಳುತ್ತಾರೆ. ವಯಸ್ಸಾದವರಿಗೆ ಇನ್ನೂ ಕಡಿಮೆ ಸಾಕು. 1.5 ದಾಟಿದರೆ ವಿಷದ ಲಕ್ಷಣಗಳ ಭಯ.

ರಕ್ತ ಕೊಡಬೇಕಾದದ್ದು ಕೊನೆಯ ಡೋಸ್ ನುಂಗಿ 12 ಗಂಟೆಯಾದ ಮೇಲೆ. ರಾತ್ರಿ 9ಕ್ಕೆ ನುಂಗಿದ್ದರೆ ಬೆಳಿಗ್ಗೆ 9ಕ್ಕೆ. ಬೆಳಗಿನ ಡೋಸ್ ಇದ್ದರೆ ರಕ್ತ ಕೊಟ್ಟ ಮೇಲೆ ನುಂಗಬೇಕು. ಈ ಒಂದು ನಿಯಮ ತಪ್ಪಿ, ವರದಿಯಲ್ಲಿ ಇಲ್ಲದ ‘ಹೈ’ ಬಂದು, ಡೋಸ್ ಇಳಿಸಿ, ಕಾಯಿಲೆ ಮರುಕಳಿಸುವುದುಂಟು. ಖಾಲಿ ಹೊಟ್ಟೆಯೇ ಆಗಬೇಕೆಂದಿಲ್ಲ. ಇನ್ನೊಂದು ಸೂಕ್ಷ್ಮವಿದೆ: ಲ್ಯಾಬ್‌ನ ಹಸಿರು ಮುಚ್ಚಳದ ಕೆಲವು ನಳಿಕೆಗಳಲ್ಲಿ ರಕ್ತ ಹೆಪ್ಪುಗಟ್ಟದಂತೆ ಹಾಕಿರುವ ರಾಸಾಯನಿಕದಲ್ಲೇ ಲಿಥಿಯಂ ಇರುತ್ತದೆ. ಅದರಲ್ಲಿ ತೆಗೆದರೆ ವರದಿ ಸುಳ್ಳಾಗುತ್ತದೆ. ‘ಇದು ಲಿಥಿಯಂ ಪರೀಕ್ಷೆಗೆ’ ಎಂದು ರಕ್ತ ತೆಗೆಯುವವರಿಗೆ ಬಾಯಿಬಿಟ್ಟು ಹೇಳುವುದರಲ್ಲಿ ಸಂಕೋಚವೇನಿಲ್ಲ.

ಡೋಸ್ ಆರಂಭಿಸಿದಾಗ ಅಥವಾ ಬದಲಿಸಿದಾಗ ಐದಾರು ದಿನ ಬಿಟ್ಟು ಪರೀಕ್ಷೆ. ಎಲ್ಲವೂ ಸ್ಥಿರವಾದ ಮೇಲೆ ಮೂರರಿಂದ ಆರು ತಿಂಗಳಿಗೊಮ್ಮೆ ಸಾಕು. ಕಿಡ್ನಿ, ಥೈರಾಯ್ಡ್, ಕ್ಯಾಲ್ಸಿಯಂ ಪರೀಕ್ಷೆಗಳು ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ. ವರದಿಗಳನ್ನು ಒಂದೇ ಫೈಲಿನಲ್ಲಿ ಇಡಿ, ಹಿಂದಿನ ಅಂಕಿ ಇಲ್ಲದೆ ಇಂದಿನ ಅಂಕಿಗೆ ಅರ್ಥವೇ ಇಲ್ಲ.

ನಾಲ್ಕನೆಯದು: ಉಪ್ಪು ಮತ್ತು ನೀರು

ದೇಹ ಲಿಥಿಯಂ ಅನ್ನು ಹೊರಹಾಕುವುದು ಕಿಡ್ನಿಯ ಮೂಲಕವೇ. ಕಿಡ್ನಿ ಅದನ್ನು ಹೆಚ್ಚುಕಡಿಮೆ ಸೋಡಿಯಂನಂತೆಯೇ ನಡೆಸಿಕೊಳ್ಳುತ್ತದೆ. ದೇಹಕ್ಕೆ ಉಪ್ಪು ಕಡಿಮೆಯಾದರೆ ಕಿಡ್ನಿ ಸೋಡಿಯಂ ಉಳಿಸಿಕೊಳ್ಳಲು ಹೊರಡುತ್ತದೆ, ಜತೆಗೆ ಲಿಥಿಯಂ ಕೂಡ ಒಳಗೇ ಉಳಿಯುತ್ತದೆ. ಮಾತ್ರೆ ಅಷ್ಟೇ, ರಕ್ತದಲ್ಲಿ ಮಾತ್ರ ಏರಿಕೆ. ಆದ್ದರಿಂದ ಇದ್ದಕ್ಕಿದ್ದಂತೆ ಉಪ್ಪಿಲ್ಲದ ಪಥ್ಯ ಹಿಡಿಯಬೇಡಿ. ತೂಕ ಇಳಿಸುವ ಶಿಬಿರಗಳಲ್ಲಿ, ಕೆಲವು ಪ್ರಕೃತಿ ಚಿಕಿತ್ಸೆಗಳಲ್ಲಿ ಉಪ್ಪು ಬಿಡಿಸುತ್ತಾರೆ. ಸೇರುವ ಮುನ್ನವೇ ವೈದ್ಯರನ್ನು ಕೇಳಿ. ಉಪ್ಪು ಒಳ್ಳೆಯದೆಂದು ಉಪ್ಪಿನಕಾಯಿ, ಹಪ್ಪಳ ಸುರಿದುಕೊಳ್ಳುವುದೂ ತಪ್ಪು, ಆಗ ಲಿಥಿಯಂ ಹೆಚ್ಚು ಹೊರಹೋಗಿ ಮಾತ್ರೆ ಸಾಲದಾಗುತ್ತದೆ. ಮನೆಯಲ್ಲಿ ಎಂದಿನಂತೆ ತಿನ್ನುವ ಉಪ್ಪನ್ನು ಎಂದಿನಷ್ಟೇ ತಿನ್ನಿ.

ಲಿಥಿಯಂ ಸೇವಿಸುವವರಿಗೆ ಬಾಯಾರಿಕೆ ಹೆಚ್ಚು, ಮೂತ್ರವೂ ಹೆಚ್ಚು. ರಾತ್ರಿ ಮೂರು ಸಲ ಏಳುತ್ತಾರೆಂದು ಮನೆಯವರು ಸಂಜೆಯಿಂದಲೇ ನೀರು ಕೊಡದಿರುವುದುಂಟು. ಇದು ಒಳ್ಳೆಯ ಉದ್ದೇಶದ ಕೆಟ್ಟ ಕೆಲಸ. ಬಾಯಾರಿದಾಗ ನೀರು ಕುಡಿಯಲಿ, ತಂಪು ಪಾನೀಯ ಬೇಡ. ಈ ಮಾತ್ರೆಯಿಂದ ತೂಕ ಏರುವ ಸಾಧ್ಯತೆ ಹೇಗೂ ಇದೆ, ಅದಕ್ಕೆ ಸಕ್ಕರೆ ಸೇರಿಸುವುದು ಯಾಕೆ?

ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಹೊಲದ ಕೆಲಸ ಮಾಡುವವರು, ಏಕಾದಶಿಗೆ ನೀರೂ ಬಿಡುವವರು, ರಂಜಾನ್ ಉಪವಾಸ ಮಾಡುವವರು ಮೊದಲೇ ವೈದ್ಯರ ಜತೆ ಮಾತಾಡಬೇಕು. ವಾಂತಿ, ಭೇದಿ ಅಥವಾ ಏನೂ ತಿನ್ನಲಾಗದಂಥ ಜ್ವರ ಬಂದ ದಿನ, ಮುಂದಿನ ಡೋಸ್ ಕೊಡುವ ಮೊದಲೇ ಫೋನ್ ಮಾಡಿ. ಒಂದೆರಡು ಡೋಸ್ ತಡೆಹಿಡಿಯಲು ಹೇಳಬಹುದು.

ಕಾಫಿಯದೊಂದು ತಮಾಷೆ. ಕೈನಡುಕವಿದ್ದರೆ ಕಾಫಿ ಅದನ್ನು ಹೆಚ್ಚಿಸುತ್ತದೆ. ಹಾಗೆಂದು ದಿನಕ್ಕೆ ಐದಾರು ಲೋಟ ಕುಡಿಯುವವರು ಒಮ್ಮೆಗೇ ಬಿಟ್ಟರೆ ರಕ್ತದಲ್ಲಿ ಲಿಥಿಯಂ ಏರುತ್ತದೆ. ಬಿಡುವುದಾದರೆ ನಿಧಾನವಾಗಿ, ವೈದ್ಯರಿಗೆ ತಿಳಿಸಿ ಬಿಡಿ.

ಐದನೆಯದು: ನೋವಿನ ಮಾತ್ರೆ

ಮೊಣಕಾಲು ನೋವಿಗೆ, ಹಲ್ಲುನೋವಿಗೆ ಚೀಟಿಯಿಲ್ಲದೆ ತರುವ ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ಮಾತ್ರೆಗಳು ಲಿಥಿಯಂ ಮಟ್ಟವನ್ನು ಏರಿಸುತ್ತವೆ. ನೋವಿಗೂ ಜ್ವರಕ್ಕೂ ಪ್ಯಾರಾಸಿಟಮಾಲ್ ಸಾಕು. ಆದರೆ ಪ್ಯಾರಾಸಿಟಮಾಲ್ ಜತೆ ಐಬುಪ್ರೊಫೆನ್ ಬೆರೆಸಿದ ಮಾತ್ರೆಗಳೂ ಇವೆ, ಸ್ಟ್ರಿಪ್‌ನ ಹಿಂಬದಿಯನ್ನು ಓದಿ. ರಕ್ತದೊತ್ತಡಕ್ಕೆ ಕೊಡುವ ಟೆಲ್ಮಿಸಾರ್ಟನ್, ಲೊಸಾರ್ಟನ್, ಎನಲಾಪ್ರಿಲ್ ಹಾಗೂ ಥಯಾಜೈಡ್ ಗುಂಪಿನ ಮೂತ್ರವರ್ಧಕಗಳದ್ದೂ ಇದೇ ಕಥೆ. ಬಿ.ಪಿ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಬಿ.ಪಿ. ವೈದ್ಯರ ಚೀಟಿಯನ್ನು ಮನೋವೈದ್ಯರಿಗೂ ಮನೋವೈದ್ಯರ ಚೀಟಿಯನ್ನು ಬಿ.ಪಿ. ವೈದ್ಯರಿಗೂ ತೋರಿಸಿ.

ಆರನೆಯದು: ಯಾವುದನ್ನು ಸಹಿಸಬಹುದು, ಯಾವುದಕ್ಕೆ ಓಡಬೇಕು

ಲೋಟ ಹಿಡಿದಾಗ ಬೆರಳಿನ ಸಣ್ಣ ನಡುಕ, ಬಾಯಲ್ಲಿ ಲೋಹದ ರುಚಿ, ತುಸು ತೂಕ ಏರಿಕೆ, ಮೊಡವೆ ಇವನ್ನು ಮುಂದಿನ ಭೇಟಿಯಲ್ಲಿ ಹೇಳಿದರೆ ಸಾಕು. ಥೈರಾಯ್ಡ್ ಕುಂದಿದರೆ ಅದಕ್ಕೆ ಮಾತ್ರೆ ಇದೆ, ಲಿಥಿಯಂ ಬಿಡಲೇಬೇಕೆಂದಿಲ್ಲ. ಹಲವು ವರ್ಷ ಸೇವಿಸಿದ ಕೆಲವರಲ್ಲಿ ಕಿಡ್ನಿಯ ಶಕ್ತಿ ಕುಗ್ಗುವುದು ನಿಜ. ಅದನ್ನು ಬೇಗ ಪತ್ತೆಹಚ್ಚಲೆಂದೇ ಆರು ತಿಂಗಳ ಪರೀಕ್ಷೆ.

ಕೈಕಾಲು ಜೋರಾಗಿ ನಡುಗುವುದು, ನಾಲಿಗೆ ತೊದಲುವುದು, ಕುಡಿದವರಂತೆ ತೂರಾಡುವುದು, ನಿಲ್ಲದ ವಾಂತಿಭೇದಿ, ಮಂಪರು, ಗೊಂದಲ ಕಂಡರೆ ಮಾತ್ರೆ ನಿಲ್ಲಿಸಿ ಅಂದೇ ಆಸ್ಪತ್ರೆಗೆ ಹೋಗಿ. ‘ಲಿಥಿಯಂ ತಿನ್ನುತ್ತಿದ್ದಾರೆ’ ಎಂಬುದು ತುರ್ತು ವಿಭಾಗದಲ್ಲಿ ನೀವು ಹೇಳುವ ಮೊದಲ ವಾಕ್ಯವಾಗಿರಲಿ, ಇಲ್ಲವಾದರೆ ಪಾರ್ಶ್ವವಾಯುವಿನ ಶಂಕೆಯಲ್ಲಿ ಹೊತ್ತು ಕಳೆಯಬಹುದು. ತೀವ್ರವಾದರೆ ಡಯಾಲಿಸಿಸ್ ಮೂಲಕ ಲಿಥಿಯಂ ತೆಗೆಯುತ್ತಾರೆ.

ಕೊನೆಯದಾಗಿ, ನಿಲ್ಲಿಸುವ ವಿಚಾರ

‘ಈಗ ಚೆನ್ನಾಗಿದ್ದಾನಲ್ಲ’ ಎಂದು ಮಾತ್ರೆ ನಿಲ್ಲಿಸುವವರೇ ಹೆಚ್ಚು. ಚೆನ್ನಾಗಿರುವುದಕ್ಕೆ ಮಾತ್ರೆಯೂ ಕಾರಣ. ಒಮ್ಮೆಗೇ ನಿಲ್ಲಿಸಿದರೆ ಉನ್ಮಾದ ಕೆಲವೇ ವಾರಗಳಲ್ಲಿ ಮರಳಬಹುದು. ಬಿಡಲೇಬೇಕಾದರೆ ವೈದ್ಯರ ಕಣ್ಗಾವಲಿನಲ್ಲಿ ವಾರ, ತಿಂಗಳುಗಳ ಅವಧಿಯಲ್ಲಿ ಇಳಿಸಬೇಕು.

ದುಡ್ಡಿನ ಕಾರಣಕ್ಕೆ ನಿಲ್ಲಿಸುವ ಯೋಚನೆಯಿದ್ದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ಮೊದಲು ವಿಚಾರಿಸಿ. ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿ ಲಿಥಿಯಂ ಇದೆ. ವೈದ್ಯರು ದೂರವಿದ್ದಾಗ ಮಾರ್ಗದರ್ಶನಕ್ಕೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೂ ಮಾತಾಡುತ್ತಾರೆ. ಮಾತ್ರೆಗಳ ಪಟ್ಟಿ ಮತ್ತು ಕೊನೆಯ ರಕ್ತಪರೀಕ್ಷೆಯ ವರದಿಯನ್ನು ಕೈಯಲ್ಲಿಟ್ಟುಕೊಂಡೇ ಕರೆ ಮಾಡಿ.