ನಮ್ಮ ಸ್ಟೂಡೆಂಟ್ ಚಾಕೊಲೇಟ್ ಬಿಸಿನೆಸ್‌ಗೆ ಅಚ್ಚು, ಡಬ್ಬಿ ಎರಡೂ ನಾವೇ ಮಾಡ್ಕೊಂಡಿದ್ದು ಹೀಗೆ

ಟೀಮಲ್ಲಿ ಒಬ್ರು ರೆಸಿಪಿ ನೋಡ್ಕೊಂಡ್ರು, ಒಬ್ರು ಲೆಕ್ಕ, ಅಚ್ಚು ಮತ್ತೆ ಪ್ಯಾಕಿಂಗ್ ನನ್ನ ಪಾಲಿಗೆ ಬಂತು. ಸಾಮಾನ್ಯವಾಗಿ ಚಾಕೊಲೇಟ್ ಮೊದ್ಲು ಮಾಡಿ ಆಮೇಲೆ ಅದಕ್ಕೊಂದು ಡಬ್ಬಿ ಹುಡುಕ್ತಾರೆ, ನಾನು ಮಾತ್ರ ಎರಡನ್ನೂ ಒಂದೇ ಡ್ರಾಯಿಂಗಲ್ಲಿ ಇಟ್ಕೊಂಡೆ, ಯಾಕಂದ್ರೆ ಬಾರ್ 2 ಮಿಮೀ ಉದ್ದ ಜಾಸ್ತಿ ಆದ್ರೂ ಡಬ್ಬಿ ಕಟಿಂಗ್ ಪೂರ್ತಿ ಬದಲಾಗತ್ತೆ.

ಎಲ್ಲಾದಕ್ಕೂ ಮೊದ್ಲು ತೂಕ. ಒಂದು ಬಾರ್ 40 ಗ್ರಾಂ ಅಂತ ತೀರ್ಮಾನ ಮಾಡಿದ್ವಿ. ಚಾಕೊಲೇಟ್ ಒಂದು ಮಿಲಿಗೆ ಹೆಚ್ಚುಕಮ್ಮಿ 1.3 ಗ್ರಾಂ ತೂಗತ್ತೆ, ಅಂದ್ರೆ ಅಚ್ಚಿನ ಗುಂಡಿ ಸುಮಾರು 31 ಮಿಲಿ ಹಿಡೀಬೇಕು. 90 ಮಿಮೀ ಉದ್ದ, 45 ಅಗಲ, 8 ದಪ್ಪ ಇಟ್ರೆ 32.4 ಮಿಲಿ ಬರತ್ತೆ, ಅದ್ರಲ್ಲಿ ಪಕ್ಕದ ಇಳಿಜಾರು ಮತ್ತೆ ಮುರ್ಕೊಳ್ಳೋ ಗೆರೆಗಳನ್ನ ಕಳೆದ್ರೆ ಲೆಕ್ಕ ಹತ್ರ ಕೂರತ್ತೆ. ಅಚ್ಚು ರೆಡಿಯಾದ್ಮೇಲೆ ಅದಕ್ಕೆ ನೀರು ತುಂಬಿ ತೂಗಿದ್ರೆ ಎಷ್ಟು ಹಿಡಿಯತ್ತೆ ಅಂತ ತಕ್ಷಣ ಗೊತ್ತಾಗತ್ತೆ, ಆದ್ರೆ ಆಮೇಲೆ ಪೂರ್ತಿ ಒಣಗಿಸ್ಲೇಬೇಕು, ಸ್ವಲ್ಪ ನೀರು ಸೇರಿದ್ರೂ ಕರಗಿದ ಚಾಕೊಲೇಟ್ ಗಟ್ಟಿ ಮುದ್ದೆಯಾಗ್ಬಿಡತ್ತೆ.

ಮಾಸ್ಟರ್ ಪೀಸನ್ನ, ಅಂದ್ರೆ ಯಾವುದರ ಮೇಲೆ ಅಚ್ಚು ತೆಗೀತೀವೋ ಆ ಬಾರ್ ಆಕಾರದ ಮಾದರಿಯನ್ನ, ಕಂಪ್ಯೂಟರಲ್ಲಿ ಡ್ರಾ ಮಾಡಿ ಪಿಎಲ್ಎ ಪ್ಲಾಸ್ಟಿಕಲ್ಲಿ ತ್ರೀಡಿ ಪ್ರಿಂಟ್ ತೆಗೆದ್ವಿ. ಪಕ್ಕದ ಗೋಡೆಗಳು ನೆಟ್ಟಗಿರಬಾರ್ದು, 5 ಡಿಗ್ರಿ ಆದ್ರೂ ಓರೆ ಬೇಕು, ಮೂಲೆಗಳು ಸ್ವಲ್ಪ ದುಂಡಗಿರ್ಬೇಕು, ಇಲ್ಲಾಂದ್ರೆ ಬಾರ್ ಅಚ್ಚಿಂದ ಬಿಡೋದಿಲ್ಲ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಜೀವ ಇರೋದು ಈ ಮಾಸ್ಟರ್ ಉಜ್ಜೋದ್ರಲ್ಲೇ. ಪ್ರಿಂಟಿನ ಪದರದ ಗೆರೆ ಕೂದಲೆಳೆಯಷ್ಟು ಉಳಿದಿದ್ರೂ ಚಾಕೊಲೇಟ್ ಮೇಲೆ ಹಾಗ್ಹಾಗೇ ಮೂಡತ್ತೆ, ಅದಕ್ಕೇ 120ರ ಸ್ಯಾಂಡ್‌ಪೇಪರಿಂದ ಶುರು ಮಾಡಿ, ಫಿಲ್ಲರ್ ಪ್ರೈಮರ್ (ಸಣ್ಣ ಗೆರೆಗಳನ್ನ ತುಂಬೋ ಪೇಂಟ್) ಹೊಡ್ದು, ಒಣಗಿಸಿ, 220, 400, ಕೊನೆಗೆ 800ರಲ್ಲಿ ನೀರು ಹಾಕಿ ಉಜ್ಜಿದ್ದು, ದೀಪದ ಕೆಳಗೆ ಓರೆಯಾಗಿ ಹಿಡಿದ್ರೆ ಎಲ್ಲೂ ಗೆರೆ ಕಾಣ್ಬಾರ್ದು, ಕಂಡ್ರೆ ಮತ್ತೆ ಪ್ರೈಮರಿಂದ.

ಆಮೇಲೆ ವ್ಯಾಕ್ಯೂಮ್ ಫಾರ್ಮಿಂಗ್. ಫುಡ್ ಗ್ರೇಡ್ ಪಿಇಟಿಜಿ ಪ್ಲಾಸ್ಟಿಕ್ ಶೀಟನ್ನ ಬಿಸಿ ಮಾಡಿ ಮಾಸ್ಟರ್ ಮೇಲೆ ಇಳಿಸಿ ಕೆಳಗಿಂದ ಗಾಳಿ ಎಳೀಬೇಕು, ಆಗ ಶೀಟ್ ಅದಕ್ಕೆ ಅಂಟ್ಕೊಂಡು ಅಚ್ಚಾಗತ್ತೆ. ಮಾಸ್ಟರಲ್ಲಿರೋ ಗೆರೆ, ಅಕ್ಷರಗಳ ತಗ್ಗಲ್ಲಿ ಗಾಳಿ ಸಿಕ್ಕಾಕ್ಕೊಳ್ಳತ್ತೆ, ಅದಕ್ಕೆ ಅಲ್ಲೆಲ್ಲ 1 ಮಿಮೀ ಒಳಗಿನ ಸಣ್ಣ ತೂತು ಕೊರೆದ್ವಿ. ಅಕ್ಷರ ಮಾಸ್ಟರ್ ಮೇಲೆ ನೇರವಾಗೇ ಇರ್ಲಿ, ಉಲ್ಟಾ ಮಾಡೋದು ಬೇಡ, ಚಾಕೊಲೇಟಲ್ಲಿ ಮತ್ತೆ ನೇರವಾಗೇ ಬರತ್ತೆ. ಪಿಎಲ್ಎ 60 ಡಿಗ್ರಿ ಹತ್ರಾನೇ ಮೆತ್ತಗಾಗತ್ತೆ, ಶೀಟ್ ಅದಕ್ಕಿಂತ ಎಷ್ಟೋ ಬಿಸಿ ಇರತ್ತೆ, ಹಾಗಾಗಿ ಒಳಗೆ ಗಟ್ಟಿಯಾಗಿ ತುಂಬಿರೋ ಪ್ರಿಂಟ್ ತೆಗೀಬೇಕು, ಒಂದು ಶೀಟ್ ಆದ್ಮೇಲೆ ಮಾಸ್ಟರ್ ತಣ್ಣಗಾಗೋಕೆ ಬಿಡ್ಬೇಕು. ತ್ರೀಡಿ ಪ್ರಿಂಟಲ್ಲೇ ನೇರವಾಗಿ ಚಾಕೊಲೇಟ್ ಸುರೀಬಹುದಲ್ಲ ಅಂತ ಕೇಳ್ತಾರೆ, ಬೇಡ, ಪದರಗಳ ಸಂದಿ ಕ್ಲೀನ್ ಮಾಡೋಕಾಗಲ್ಲ.

ಸಣ್ಣ ಪೀಸ್‌ಗಳಿಗೆ, ಒಳಕ್ಕೆ ತಿರುಗಿರೋ ಡಿಸೈನ್ ಇದ್ರೆ ಸಿಲಿಕೋನ್ ಒಳ್ಳೇದು. ಪ್ಲಾಟಿನಂ ಕ್ಯೂರ್ (ಪ್ಲಾಟಿನಂ ಸಹಾಯದಿಂದ ಗಟ್ಟಿಯಾಗೋ) ಫುಡ್ ಗ್ರೇಡ್ ತಗೊಳ್ಳಿ, ಲೇಟೆಕ್ಸ್ ಗ್ಲೋವ್ಸ್, ಗಂಧಕ ಇರೋ ಕ್ಲೇ ತಾಗಿದ್ರೆ ಸಿಲಿಕೋನ್ ಗಟ್ಟಿಯಾಗ್ದೆ ಅಂಟಂಟಾಗೇ ಉಳಿಯತ್ತೆ, ನೈಟ್ರೈಲ್ ಗ್ಲೋವ್ಸ್ ಹಾಕ್ಕೊಳ್ಳಿ.

ಅಚ್ಚು ಎಷ್ಟೇ ನೈಸ್ ಇದ್ರೂ ಟೆಂಪರಿಂಗ್ (ಚಾಕೊಲೇಟನ್ನ ಕರಗಿಸಿ, ತಣಿಸಿ, ಹದಕ್ಕೆ ತರೋದು) ಸರಿ ಇಲ್ದಿದ್ರೆ ಪ್ರಯೋಜನ ಇಲ್ಲ. ಡಾರ್ಕ್ ಚಾಕೊಲೇಟನ್ನ 45-50 ಡಿಗ್ರಿಗೆ ಕರಗಿಸಿ, 27-28ಕ್ಕೆ ಇಳ್ಸಿ, ಮತ್ತೆ 31-32ಕ್ಕೆ ತಂದು ಸುರೀಬೇಕು. ಆಗ ಗಟ್ಟಿಯಾಗ್ತಾ ಸ್ವಲ್ಪ ಕುಗ್ಗಿ ತಾನಾಗೇ ಅಚ್ಚಿಂದ ಬಿಟ್ಕೊಳ್ಳತ್ತೆ. ಪಾರದರ್ಶಕ ಶೀಟ್ ಆದ್ರೆ ಕೆಳಗಿಂದ ನೋಡ್ಬಹುದು, ಬಿಟ್ಟಿರೋ ಜಾಗ ಮಸುಕಾಗಿ ಕಾಣತ್ತೆ, ಇನ್ನೂ ಅಂಟಿರೋ ಜಾಗ ಒದ್ದೆಯಾದ ಹಾಗೆ ಕಪ್ಪಗಿರತ್ತೆ, ಪೂರ್ತಿ ಮಸುಕಾಗೋವರ್ಗೂ ತೆಗೀಬಾರ್ದು. ಅಚ್ಚು ತೊಳ್ಯೋಕೆ ಸ್ಕ್ರಬ್ಬರ್ ಮುಟ್ಟಿಸ್ಬೇಡಿ, ಉಗುರುಬೆಚ್ಚಗಿನ ನೀರು, ಮೆತ್ತನೆ ಬಟ್ಟೆ ಸಾಕು.

ಡಬ್ಬಿಗೆ 300 ಜಿಎಸ್ಎಂ (ಚದರ ಮೀಟರಿಗೆ 300 ಗ್ರಾಂ ತೂಗೋ) ಬೋರ್ಡ್, ಒಳಗೆ ಬಾರ್ ಸುತ್ತ ಅಲ್ಯೂಮಿನಿಯಂ ಫಾಯಿಲ್. ಡಬ್ಬಿ ಒಳ ಅಳತೆ ಬಾರ್‌ಗಿಂತ 2 ಮಿಮೀ ಜಾಸ್ತಿ ಇಟ್ವಿ, ಫಾಯಿಲ್ ಮಡಿಕೆಗೆ ಜಾಗ ಬೇಕಲ್ಲ. ಬೋರ್ಡಿಗೆ ನಾರಿನ ದಿಕ್ಕು ಇರತ್ತೆ, ಎರಡೂ ಕಡೆ ಬಗ್ಗಿಸಿ ನೋಡಿ, ಸುಲಭವಾಗಿ ಬಗ್ಗೋ ದಿಕ್ಕಿಗೆ ಉದ್ದದ ಮಡಿಕೆ ಬರೋ ಹಾಗೆ ಕಟ್ ಮಾಡಿದ್ರೆ ಪ್ರಿಂಟ್ ಬಿರುಕು ಬಿಡಲ್ಲ. ಮಡಿಕೆ ಗೆರೆಯನ್ನ ಇಂಕ್ ಮುಗಿದ ಬಾಲ್‌ಪೆನ್ನಲ್ಲಿ ಸ್ಕೇಲ್ ಇಟ್ಟು ಒತ್ತಿದ್ರೆ ಸಾಕು. ಲೇಸರ್ ಕಟಿಂಗ್ ಚೆಂದ ಬರತ್ತೆ ಆದ್ರೆ ಅಂಚಲ್ಲಿ ಸುಟ್ಟ ವಾಸನೆ ಉಳಿಯತ್ತೆ, ಚಾಕೊಲೇಟ್ ವಾಸನೆಯನ್ನ ಬೇಗ ಹೀರ್ಕೊಳ್ಳೋದ್ರಿಂದ ನಾನು ಬ್ಲೇಡಲ್ಲೇ ಕಟ್ ಮಾಡ್ದೆ, ಪ್ರಿಂಟ್ ಮಾಡಿದ ಬೋರ್ಡ್‌ಗಳನ್ನೂ ವಾಸನೆ ಹೋಗೋವರ್ಗೂ ಗಾಳಿಗೆ ಬಿಡಿಸಿಟ್ಟಿದ್ದೆ.

ಡಬ್ಬಿ ಹಿಂಬದಿಯ ಅರ್ಧ ಭಾಗ ಮೊದಲೇ ಖಾಲಿ ಬಿಟ್ಕೊಳ್ಳಿ. ಪದಾರ್ಥಗಳು, ಹಾಲು-ಸೋಯಾ-ಬೀಜಗಳ ಅಲರ್ಜಿ ಮಾಹಿತಿ, ನಿವ್ವಳ ತೂಕ, ಬ್ಯಾಚ್, ತಾರೀಖು ಎಲ್ಲಾ ಓದೋಕಾಗೋ ಸೈಜಲ್ಲಿ ಬರ್ಬೇಕು, ಜೊತೆಗೆ ನಿಮ್ಮಲ್ಲಿ ಆಹಾರ ಲೇಬಲ್‌ಗೆ ಏನು ನಿಯಮ ಇದ್ಯೋ ಅದನ್ನ ಡಿಸೈನ್ ಮಾಡೋ ಮುಂಚೆನೇ ಓದ್ಕೊಂಡ್ರೆ ಎರಡು ಸಲ ಪ್ರಿಂಟ್ ಹಾಕಿಸೋದು ತಪ್ಪತ್ತೆ.