ಮೇಕೆಯ ಹಸಿವಿಗೆ ಹೊಂದಿಸಿದ ಭಾನುವಾರ: ನನ್ನ ಅನುಭವ

ಮಾಗಡಿ ಸೀಮೆಯಲ್ಲಿರುವ ನಮ್ಮ ಮೂರು ಎಕರೆ ತೋಟಕ್ಕೆ ಮೇಕೆಗಳಿಗೆ ಮೇವು ತಿನ್ನಿಸಿ ನಲಿಯಲೆಂದು ಮಕ್ಕಳನ್ನು ಕರೆತರುವ ಸಂಸಾರಗಳು ಭಾನುವಾರ ಬೆಳಿಗ್ಗೆ ಎಂಟೂವರೆಯೊಳಗೆ ಗೇಟು ದಾಟಿರಬೇಕು, ಹನ್ನೊಂದರಿಂದ ನಾಲ್ಕರವರೆಗೆ ಯಾರೂ ಮೇಕೆ ಮುಟ್ಟುವಂತಿಲ್ಲ ಎಂದು ನಾನು ನಿಯಮ ಮಾಡಿದಾಗ, ಹೀಗೆ ದುಡ್ಡಿಗೆ ತೋಟ ತೋರಿಸುವ ಕಸುಬಿನಲ್ಲೇ ಇರುವ ಗೆಳೆಯರು ನಕ್ಕಿದ್ದರು. ಭಾನುವಾರ ಎಂಟು ಗಂಟೆಗೆ ಬೆಂಗಳೂರಿನವರು ಹಾಸಿಗೆ ಬಿಟ್ಟು ಏಳುವುದೇ ಇಲ್ಲ, ದುಡ್ಡು ಕೊಟ್ಟು ಬಂದವರಿಗೆ ನಡುಹಗಲಿನಲ್ಲಿ ಮೇಕೆ ಇಲ್ಲವೆಂದರೆ ಅವರು ಮತ್ತೆ ಈ ಕಡೆ ತಲೆ ಹಾಕುವುದಿಲ್ಲ ಎಂಬುದು ಅವರ ವಾದವಾಗಿತ್ತು. ಈಗ ಆ ಗೆಳೆಯರಲ್ಲಿ ಕೆಲವರು ನನ್ನ ವೇಳಾಪಟ್ಟಿಯನ್ನೇ ಬರೆದುಕೊಂಡು ಹೋಗಿರುವುದರಿಂದ, ಉಳಿದವರಿಗೂ ತಿಳಿಯಲಿ ಎಂದು ಬರೆಯುತ್ತಿದ್ದೇನೆ. ಲಸಿಕೆ, ಜಂತುಹುಳುವಿನ ಔಷಧಿ, ರೊಪ್ಪದ, ಅಂದರೆ ಮೇಕೆಯ ದೊಡ್ಡಿಯ, ಅಳತೆ ಇವೆಲ್ಲ ನಿಮಗೆ ಗೊತ್ತಿರುವ ಸಂಗತಿಗಳು, ಅವನ್ನು ಇಲ್ಲಿ ಹೇಳುವುದಿಲ್ಲ.

ಮೊದಲು ನಾವೂ ಎಲ್ಲರಂತೆ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ರೊಪ್ಪವನ್ನು ತೆರೆದಿಟ್ಟು, ಬಟ್ಟಲಿಗೆ ಮೂವತ್ತು ರೂಪಾಯಿಯಂತೆ ಹಿಂಡಿ ಮಾರುತ್ತಿದ್ದೆವು. ಬೆಳಗಿನ ಮೇವು ತಿಂದು ಮುಗಿಸಿದ್ದ ಮೇಕೆಗಳು ಹನ್ನೊಂದರ ಹೊತ್ತಿಗೆ ಮಲಗಿ ಮೆಲುಕು ಹಾಕುತ್ತಿದ್ದವು. ಮಕ್ಕಳು ಅವುಗಳ ಕಿವಿ ಹಿಡಿದು ಎಳೆಯುತ್ತಿದ್ದರು. ಮೇಕೆ ಏಳಲಿ ಎಂದು ತಂದೆತಾಯಂದಿರು ಬ್ಯಾಗಿನಿಂದ ಬಿಸ್ಕತ್ತು, ಬ್ರೆಡ್ಡು, ಕೊನೆಗೆ ಚಿತ್ರಾನ್ನವನ್ನೂ ತೆಗೆದು ಕೊಡುತ್ತಿದ್ದರು. ಅನ್ನ, ಹಿಟ್ಟಿನ ಪದಾರ್ಥಗಳು ಒಮ್ಮೆಲೇ ಹೊಟ್ಟೆಗೆ ಹೋದರೆ ಮೇಕೆಯ ಹೊಟ್ಟೆ ಹುಳಿಯಾಗಿ ಉಬ್ಬರಿಸುತ್ತದೆ. ಅಡುಗೆ ಸೋಡಾ ಕುಡಿಸಿ ಉಳಿಸಿಕೊಂಡವು ಕೆಲವು. ಉಳಿಯದೆ ಹೋದ ಒಂದು ಹಾಲಿನ ಮೇಕೆಯಿಂದಲೇ ಒಂಬತ್ತು ಸಾವಿರದಷ್ಟು ನಷ್ಟವಾಯಿತು. ಹಿಂಡಿ ಮಾರಿ ಇಡೀ ತಿಂಗಳಿಗೆ ಸಿಕ್ಕ ಲಾಭ ಅದರ ಅರ್ಧದಷ್ಟೂ ಇರಲಿಲ್ಲ. ಇಷ್ಟಾದರೂ ಬಂದವರಿಗೆ ತೃಪ್ತಿಯಿರಲಿಲ್ಲ, ಏಕೆಂದರೆ ಹೊಟ್ಟೆ ತುಂಬಿದ ಮೇಕೆಗೆ ಮಗುವಿನ ಹತ್ತಿರ ಬರುವ ಕಾರಣವೇ ಇರುವುದಿಲ್ಲ.

ಹಾಗಾಗಿ ಬಂದವರ ಸಮಯವನ್ನು ಬಿಟ್ಟು ಮೇಕೆಯ ಹಸಿವನ್ನು ಹಿಡಿದು ದಿನವನ್ನು ಕಟ್ಟಿದೆ. ಶನಿವಾರ ಸಂಜೆ ಹುರುಳಿ ಹೊಟ್ಟನ್ನು ಹಗುರಾಗಿ ಹಾಕುತ್ತೇವೆ, ಭಾನುವಾರ ಬೆಳಿಗ್ಗೆ ನೀರು ಮಾತ್ರ ಇಡುತ್ತೇವೆ. ದಿನವೂ ಏಳಕ್ಕೆ ಬೀಳುವ ಮೇವು ಅಂದು ಎಂಟೂವರೆಗೆ ಮಕ್ಕಳ ಕೈಯಿಂದಲೇ ಬೀಳುತ್ತದೆ. ನಮ್ಮ ಕಡೆ ರೇಷ್ಮೆ ಬೆಳೆಗಾರರಿರುವುದರಿಂದ ಹುಳುಗಳಿಗೆ ಹಾಕಿ ಮಿಕ್ಕ ಹಿಪ್ಪುನೇರಳೆ ಅಗ್ಗವಾಗಿ ಸಿಗುತ್ತದೆ, ಅದರ ಮುಂದೆ ಹಿಂಡಿಯನ್ನು ಮೇಕೆ ಮೂಸಿಯೂ ನೋಡುವುದಿಲ್ಲ. ಸೊಪ್ಪನ್ನು ಬಿಡಿಯಾಗಿ ಕೊಡದೆ ಒಂದೂವರೆ ಅಡಿಯ ಕಡ್ಡಿಯ ಸಮೇತ ಕೊಡುತ್ತೇವೆ: ಮೂರು ವರ್ಷದ ಮಗುವಿಗೂ ಮೇಕೆಯ ಬಾಯಿಗೂ ನಡುವೆ ಅಷ್ಟು ಅಂತರವಿದ್ದರೆ ಮಗು ಹೆದರುವುದಿಲ್ಲ, ಸ್ವಲ್ಪ ಹೊತ್ತಿನಲ್ಲಿ ತಾನೇ ಕೈ ಚಾಚಿ ಕತ್ತು ಸವರುತ್ತದೆ. ಸಾಕೆನಿಸಿದ ಮೇಕೆ ಹೋಗಿ ನಿಲ್ಲಲು ರೊಪ್ಪದ ಹಿಂಭಾಗದಲ್ಲಿ ಮನುಷ್ಯರಿಗೆ ಪ್ರವೇಶವಿಲ್ಲದ ಜಾಗವೊಂದು ಇರಲೇಬೇಕು. ಮೇಕೆಗಳು ಮಕ್ಕಳ ಮೈಮೇಲೆ ಕಾಲಿಡದಂತೆ ಮರಿಯಿಂದಲೇ ರೂಢಿ ಮಾಡಿಸುವ ಒಂದು ಉಪಾಯವಿದೆ. ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ತೋಟಕ್ಕೆ ಬಂದವರು ನೋಡಿ ತಿಳಿದುಕೊಳ್ಳಬಹುದು.

ಇನ್ನು ಬೆಂಗಳೂರಿನವರನ್ನು ಎಂಟೂವರೆಗೆ ಬರಿಸುವುದು ಹೇಗೆಂಬ ಪ್ರಶ್ನೆ. ದರ ಇಳಿಸಿ ನೋಡಿದೆ, ಬಿಸಿ ಬಿಸಿ ತಿಂಡಿಯ ಆಸೆ ತೋರಿಸಿದೆ, ಎರಡೂ ನಡೆಯಲಿಲ್ಲ. ನಡೆದದ್ದು ಅಜ್ಜ ಅಜ್ಜಿಯರ ಬಲದಿಂದ. ಸಮಯಕ್ಕೆ ಬಂದ ಸಂಸಾರದಲ್ಲಿ ಅರವತ್ತೈದು ದಾಟಿದವರಿಗೆ ಪ್ರವೇಶವೂ ಊಟವೂ ಉಚಿತ, ತಡವಾದರೆ ಪೂರ್ತಿ ದರ ಎಂದು ಹಾಕಿದೆ. ಐದಕ್ಕೇ ಎದ್ದು ಸ್ನಾನ ಮಾಡಿ ಕುಳಿತಿರುವ ಅಜ್ಜಿ, ತನ್ನಿಂದಾಗಿ ಉಳಿಯುವ ನಾನ್ನೂರು ರೂಪಾಯಿ ಕೈತಪ್ಪುತ್ತದೆ ಎಂದು ತಿಳಿದ ಮೇಲೆ, ಮಗ ಸೊಸೆಯನ್ನು ಮಲಗಲು ಬಿಡುವುದುಂಟೆ? ಈಗ ಹತ್ತರಲ್ಲಿ ಎಂಟು ಕಾರುಗಳು ಸಮಯಕ್ಕೆ ಬರುತ್ತವೆ. ಹಿರಿಯರ ಊಟಕ್ಕೆ ತಲೆಗೆ ನೂರಹತ್ತು ರೂಪಾಯಿ ನನ್ನ ಕೈಯಿಂದ ಹೋಗುತ್ತದೆ, ಆದರೆ ಅವರಿದ್ದ ಕಡೆ ಮಕ್ಕಳನ್ನು ನೋಡಿಕೊಳ್ಳಲು ಒಬ್ಬ ಆಳು ಕಡಿಮೆ ಸಾಕು.

ಹನ್ನೊಂದಕ್ಕೆ ರೊಪ್ಪದ ಬಾಗಿಲು ಹಾಕಿದ ಮೇಲೆ ಊಟದ ಮನೆಗೆ ಹೋಗಲು ಒಂದೇ ದಾರಿ, ಆ ದಾರಿಯಲ್ಲಿ ಸಾಲಾಗಿ ನಲ್ಲಿ ಮತ್ತು ಸೋಪು. ನಲ್ಲಿಗಳಿಗೆ ಇಪ್ಪತ್ತೆರಡು ಸಾವಿರದಷ್ಟು ಖರ್ಚಾಯಿತು, ಅದರಲ್ಲಿ ನಾನು ಒಂದು ರೂಪಾಯಿಯನ್ನೂ ಉಳಿಸಲು ನೋಡಲಿಲ್ಲ. ಇಂಗ್ಲೆಂಡಿನ ಸರ್ರೆ ಪ್ರಾಂತ್ಯದ ಗಾಡ್‌ಸ್ಟೋನ್ ಫಾರ್ಮ್‌ನಲ್ಲಿ 2009ರಲ್ಲಿ ಪ್ರಾಣಿಗಳ ಸಗಣಿಯಿಂದ ಹರಡಿದ ಇ-ಕೊಲೈ ಎಂಬ ಬ್ಯಾಕ್ಟೀರಿಯಾದ ಸೋಂಕು ತೊಂಬತ್ತಕ್ಕೂ ಹೆಚ್ಚು ಜನರಿಗೆ ತಗುಲಿತ್ತು, ಅವರಲ್ಲಿ ಬಹುಪಾಲು ಮಕ್ಕಳು. ಸ್ಯಾನಿಟೈಸರ್ ಬಾಟಲಿ ಇಟ್ಟು ಸುಮ್ಮನಾಗುವವರು ಗಮನಿಸಬೇಕು: ಸಗಣಿ ಮೆತ್ತಿದ ಕೈಗೆ ಅದು ನಾಟುವುದಿಲ್ಲ, ಹರಿಯುವ ನೀರೇ ಬೇಕು. ಹಸಿ ಹಾಲು ಕೇಳುವ ತಂದೆತಾಯಂದಿರಿಗೂ ಕಾಯಿಸಿದ್ದನ್ನೇ ಕೊಡುತ್ತೇವೆ.

ಮುದ್ದೆ, ಅವರೆಕಾಳಿನ ಸಾರು ಮುಗಿದ ಮೇಲಿನ ಎರಡು ಗಂಟೆಯೇ ಕಷ್ಟದ ಹೊತ್ತು. ಆ ಹೊತ್ತಿಗೆಂದು ಮೊಲ ಸಾಕಿ ನೋಡಿದೆ. ಬೇಸಿಗೆಯ ಸೆಕೆಯನ್ನು ಅವು ತಡೆಯಲಿಲ್ಲ, ಮೇಲಾಗಿ ಎತ್ತಿಕೊಂಡಾಗ ಒದೆದುಕೊಳ್ಳುವ ಮೊಲದ ಬೆನ್ನುಮೂಳೆಯೇ ಮುರಿಯುವುದುಂಟು. ಕೋಳಿಯ ಹೂಮರಿಗಳನ್ನು ಮಕ್ಕಳ ಕೈಗೆ ಕೊಡುವುದನ್ನೂ ನಿಲ್ಲಿಸಿ, ಹೆಬ್ಬಾಳದಲ್ಲಿ ಅಭಿವೃದ್ಧಿಯಾದ ಗಿರಿರಾಜ ತಳಿಯ ದೊಡ್ಡ ಕೋಳಿಗಳನ್ನು ಬಿಟ್ಟಿದ್ದೇನೆ. ಗಿಳಿ, ನಕ್ಷತ್ರ ಆಮೆ ಇಡಿ ಎಂದು ಸಲಹೆ ಕೊಡುವವರಿಗೆ 1972ರ ವನ್ಯಜೀವಿ ಕಾಯ್ದೆಯನ್ನು ನೆನಪಿಸುತ್ತೇನೆ. ನಡುಹಗಲಿಗೆ ನಿಜವಾಗಿ ಒದಗಿದ್ದು ನೆರೆಯ ರೇಷ್ಮೆ ಬೆಳೆಗಾರರಿಂದ ತರುವ ಒಂದು ಚಂದ್ರಿಕೆ, ಅಂದರೆ ರೇಷ್ಮೆ ಹುಳು ಗೂಡು ಕಟ್ಟುವ ಬಿದಿರಿನ ತಟ್ಟೆ. ಅದರ ಮೇಲೆ ಗೂಡು ಕಟ್ಟುತ್ತಿರುವ ಹುಳುಗಳನ್ನು ಮುಟ್ಟದೆ ನೋಡುತ್ತ ಮಕ್ಕಳು ಮುಕ್ಕಾಲು ಗಂಟೆ ಕೂರುತ್ತಾರೆ. ಕುರಿಗಳ ಪೈಕಿ ಗಿಡ್ಡ ಕಾಲಿನ ಬಂಡೂರು ಕುರಿಯೇ ಮಕ್ಕಳಿಗೆ ಸರಿ. ಹಳ್ಳಿಕಾರ್ ಕರುವಿನ ಚುರುಕುತನ ಈ ಕೆಲಸಕ್ಕೆ ಆಗುವುದಿಲ್ಲ.

ಮರಿಗಳಿದ್ದರೆ ಜನ ಹೆಚ್ಚು, ಅವು ಬೇಕಾದ ಹೊತ್ತಿಗೇ ಹುಟ್ಟಲಿ ಎಂದು ಹೋತವನ್ನು, ಅಂದರೆ ಗಂಡು ಮೇಕೆಯನ್ನು, ಬೇರೆ ಕಟ್ಟುತ್ತೇನೆ. ಮೇಕೆಯ ಗಬ್ಬ ಐದು ತಿಂಗಳಾದುದರಿಂದ, ದೀಪಾವಳಿಯ ಆಸುಪಾಸಿನಲ್ಲಿ ಬಿಟ್ಟರೆ ಯುಗಾದಿಯ ಸುಮಾರಿಗೆ ಮರಿ ಬಿದ್ದು, ಬೇಸಿಗೆ ರಜೆಯ ಹೊತ್ತಿಗೆ ಕುಣಿಯುವ ಪ್ರಾಯಕ್ಕೆ ಬಂದಿರುತ್ತವೆ. ಈಯುವ ಕೊಟ್ಟಿಗೆಗೆ ಮಾತ್ರ ಯಾರನ್ನೂ, ಅದರಲ್ಲೂ ಗರ್ಭಿಣಿಯರನ್ನು, ಬಿಡುವುದಿಲ್ಲ. ಕಂದು ಹಾಕಿದ, ಅಂದರೆ ಗರ್ಭಪಾತವಾದ, ಮೇಕೆಯಿಂದ ಮನುಷ್ಯರಿಗೆ ತಗುಲುವ ರೋಗಗಳಿವೆ.

ಲೆಕ್ಕವನ್ನು ನೆನಪಿನಿಂದ ಹೇಳುವುದಾದರೆ, ಒಂದು ಭಾನುವಾರಕ್ಕೆ ಅರವತ್ತು ಜನರ ಮಿತಿ, ದೊಡ್ಡವರಿಗೆ ನಾನ್ನೂರು, ಮಕ್ಕಳಿಗೆ ಮುನ್ನೂರು. ಹಿರಿಯರನ್ನು ಕಳೆದು ಹದಿನೇಳು ಹದಿನೆಂಟು ಸಾವಿರ ಬರುತ್ತದೆ; ಊಟ, ಕೂಲಿ, ಸೊಪ್ಪು, ಔಷಧಿ ಕಳೆದು ಏಳೆಂಟು ಸಾವಿರ ಉಳಿಯುತ್ತದೆ. ಇಡೀ ದಿನ ತೆರೆದಿಡುತ್ತಿದ್ದಾಗ ನೂರು ಜನ ಬಂದರೂ ಇಷ್ಟು ಉಳಿಯುತ್ತಿರಲಿಲ್ಲ. ಈಗ ವಾರದ ದಿನಗಳಿಗೆ ಶಾಲೆಗಳು ಕೇಳುತ್ತಿವೆ, ಎಲ್ಲವೂ ಹನ್ನೊಂದಕ್ಕೆ ಬಸ್ಸು ತರುತ್ತೇವೆ ಎನ್ನುತ್ತವೆ. ಅವರಿಗೂ ಎಂಟೂವರೆ ಎಂದೇ ಹೇಳಿದ್ದೇನೆ. ಒಂದು ಶಾಲೆ ಒಪ್ಪಿದೆ, ಉಳಿದವು ಯೋಚಿಸುತ್ತಿವೆ.