ಕಾಪಿ ಹೊಡೆದ ಅಸೈನ್‌ಮೆಂಟಿಗೆ ಸೊನ್ನೆ ಹಾಕಬೇಕಾ?

ಪದವಿ ಕಾಲೇಜಿನಲ್ಲಿ ನಾನು ಇತಿಹಾಸದ ಮೇಷ್ಟ್ರು. 'ವಿಜಯನಗರದ ಆಡಳಿತ' ಅಂತ ಅಸೈನ್‌ಮೆಂಟ್ ಕೊಟ್ಟರೆ ಸಾಕು, ವಿಕಿಪೀಡಿಯಾದ ಅದೇ ಪ್ಯಾರಾ ಅರ್ಧ ಕ್ಲಾಸಿನವರ ಕೈಬರಹದಲ್ಲಿ ಬರುತ್ತಿತ್ತು.

ಸ್ಟಾಫ್ ರೂಮಿನಲ್ಲಿ ಕೆಲವರು 'ಸೊನ್ನೆ ಹಾಕ್ರಿ, ಬುದ್ಧಿ ಬರುತ್ತೆ' ಅನ್ನುತ್ತಾರೆ. ಇನ್ನು ಕೆಲವರು 'ಪಾಪ, ಬರ್ಕೊಂಡು ಬಂದಿದ್ದಾರಲ್ಲ, ಬಿಡಿ' ಅನ್ನುತ್ತಾರೆ. ನನಗೆ ಎರಡೂ ಒಪ್ಪಿಗೆಯಿಲ್ಲ. ಬೋರ್ಡ್ ಮೇಲಿನ ಉತ್ತರವನ್ನು ಅಕ್ಷರ ಬಿಡದೆ ಬರೆದವರಿಗೆ ಪಿಯುಸಿವರೆಗೂ ಪೂರ್ತಿ ಅಂಕ ಕೊಟ್ಟವರು ನಾವೇ ಅಲ್ವಾ? ಡಿಗ್ರಿಗೆ ಕಾಲಿಟ್ಟ ಕೂಡಲೇ ಅದು ಕಳ್ಳತನ ಅಂದರೆ ಹೇಗೆ? ಹಾಗಂತ ಸುಮ್ನೆ ಬಿಟ್ಟರೆ, ಕಷ್ಟಪಟ್ಟು ಸ್ವಂತವಾಗಿ ಬರೆದವರಿಗೆ ಮೋಸ.

ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರಲ್ಲಿ ಕೃತಿಚೌರ್ಯದ ನಿಯಮ ತಂದಿದೆ. ಶೇ. 10ರವರೆಗಿನ ಹೋಲಿಕೆಗೆ ಶಿಕ್ಷೆಯಿಲ್ಲ, ಶೇ. 60 ದಾಟಿದರೆ ಸಂಶೋಧನೆಯ ನೋಂದಣಿಯೇ ರದ್ದು. ಆದರೆ ಅದು ಮಹಾಪ್ರಬಂಧ, ಸಂಶೋಧನಾ ಲೇಖನಗಳ ಮಾತು. ಅಸೈನ್‌ಮೆಂಟ್, ಪ್ರಾಜೆಕ್ಟ್ ವರದಿಗಳನ್ನು ಆ ನಿಯಮವೇ ಹೊರಗಿಟ್ಟಿದೆ. ಹಾಗಾಗಿ ನಮ್ಮ ಕ್ಲಾಸಿನ ತೀರ್ಮಾನ ನಾವೇ ಮಾಡಬೇಕು.

ನಾನು ಮೊದಲು ಪ್ರಶ್ನೆಯನ್ನೇ ಬದಲಿಸಿದೆ. ನಿಮ್ಮೂರಿನ ಅಥವಾ ಪಕ್ಕದೂರಿನ ಒಂದು ವೀರಗಲ್ಲು ನೋಡಿ, ಫೋಟೋ ತೆಗೆದು, ಅದರಲ್ಲಿ ಏನಿದೆ ಅಂತ ಬರೆಯಿರಿ. ಹಿರಿಯರನ್ನು ಕೇಳಿ. ಪುಸ್ತಕದ ಸಾಲು ತಗೊಂಡರೆ ಪಕ್ಕದಲ್ಲೇ ಪುಸ್ತಕದ ಹೆಸರು ಹಾಕಿ. ಚಾಟ್‌ಜಿಪಿಟಿ ಕೇಳಿದವರು ಇಲ್ಲೇ ಸಿಕ್ಕಿಬೀಳುತ್ತಾರೆ. ಕೆಳಗೆ ಯುದ್ಧ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ ಅಂತ ಮೂರು ಹಂತ ಬರೆದಿರುತ್ತಾರೆ. ಫೋಟೋದ ಕಲ್ಲಿನಲ್ಲಿ ಎರಡೇ ಹಂತ, ಜೊತೆಗೆ ಹಸುಗಳ ಸಾಲು! ತುರುಗೋಳ್ ಕಲ್ಲು ಅದು, ದನಗಳನ್ನು ಕದಿಯಲು ಬಂದವರ ವಿರುದ್ಧ ಹೋರಾಡಿ ಸತ್ತವನದು. ಕಾಪಿ ಹಿಡಿಯುವ ಸಾಫ್ಟ್‌ವೇರ್ ಹೇಳುವ ಶೇಕಡಾವಾರಿಗಿಂತ ನನಗೆ ಈ ಸಾಕ್ಷಿ ಜಾಸ್ತಿ ನಂಬಿಕೆ.

ಆಮೇಲೆ ಒಬ್ಬೊಬ್ಬರನ್ನೇ ಕೂರಿಸಿ ಐದು ನಿಮಿಷ ಮಾತಾಡುತ್ತೇನೆ. 'ಈ ಸಾಲು ಅಂದ್ರೇನು, ನಿನ್ ಮಾತಲ್ಲಿ ಹೇಳಪ್ಪ.' ಹೇಳಿದರೆ ಅಂಕ. ಹೇಳಲು ಬಾರದಿದ್ದರೆ ವಾಪಸ್ ಕೊಟ್ಟು ಒಂದು ವಾರ ಟೈಮ್. ಮತ್ತೆ ಎತ್ತಿ ಬರೆದು ತಂದರೆ ಆಗ ಸೊನ್ನೆ, ಅದರಲ್ಲಿ ದಾಕ್ಷಿಣ್ಯವಿಲ್ಲ. ಕ್ಲಾಸಿನ ಮುಂದೆ ಮಾತ್ರ ಯಾರನ್ನೂ ನಿಲ್ಲಿಸುವುದಿಲ್ಲ. ಅವಮಾನ ಮಾಡಿದರೆ ಅವರು ಬರೆಯುವುದನ್ನಲ್ಲ, ಸಿಗದ ಹಾಗೆ ಕದಿಯುವುದನ್ನು ಕಲಿಯುತ್ತಾರೆ.

ಟೈಮ್ ತುಂಬಾ ಹಿಡಿಯುತ್ತದೆ, ಸುಳ್ಳು ಹೇಳಲ್ಲ. ದೊಡ್ಡ ಕ್ಲಾಸಾದರೆ ವಾರಗಟ್ಟಲೆ ಬಿಡುವೇ ಸಿಗುವುದಿಲ್ಲ. ಒಂದೇ ಊರಿನ ಇಬ್ಬರು ಒಂದೇ ಕಲ್ಲು ಹಿಡಿದು ಬಂದರೂ ನನ್ನ ತಕರಾರಿಲ್ಲ. ಕಥೆ ಹೇಳಿದ ಅಜ್ಜ ಮಾತ್ರ ಬೇರೆ ಬೇರೆ ಇರಬೇಕು.